ಮನೆಯಂಗಳಕ್ಕೆ ಸ್ಮಾರ್ಟ್ ಸ್ಪ್ರಿಂಕ್ಲರ್ ಕಂಟ್ರೋಲರ್: ಆ್ಯಪ್ ನೋಡುವ ಮೊದಲು ಟ್ಯಾಂಕ್ ಎತ್ತರ ನೋಡಿ

ನಗರದಲ್ಲಿ ನೀರಿಗೆ ತತ್ವಾರ ಬಂದಾಗ ಮೊದಲು ಕಣ್ಣು ಬೀಳುವುದು ಕೈತೋಟದ ಮೇಲೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕುವುದನ್ನು, ಅದರಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಅದೇ ವರ್ಷ ಮೇ ಕೊನೆಗೆ ದೆಹಲಿಯಲ್ಲಿ ಪೈಪ್ ಹಿಡಿದು ಕಾರು ತೊಳೆದರೆ, ಟ್ಯಾಂಕ್ ತುಂಬಿ ಹರಿಯಲು ಬಿಟ್ಟರೆ 2,000 ರೂಪಾಯಿ ದಂಡ ಎಂಬ ಆದೇಶ ಬಂತು. ಜೂನ್‌ನಲ್ಲಿ ಮುಂಬೈ ಮಹಾನಗರ ಪಾಲಿಕೆ ನೀರು ಪೂರೈಕೆಯನ್ನು ಶೇ 10ರಷ್ಟು ಕಡಿತಗೊಳಿಸಿತು. ಚೆನ್ನೈನವರಿಗಂತೂ 2019ರ ಬೇಸಿಗೆಯನ್ನು ನೆನಪಿಸಬೇಕಾಗಿಯೇ ಇಲ್ಲ. ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ನಾಲ್ಕೂ ಜಲಾಶಯಗಳು ಬಹುತೇಕ ಬತ್ತಿ ಹೋಗಿದ್ದವು.

ಹಾಗೆಂದು ಗಿಡ ಬೆಳೆಸುವುದನ್ನೇ ಬಿಡಲಾದೀತೇ? ಹೈದರಾಬಾದ್‌ನ ವಿಲ್ಲಾದ ಲಾನ್ ಇರಲಿ, ಮುಂಬೈ ಫ್ಲ್ಯಾಟ್‌ನ ಗ್ರಿಲ್‌ನೊಳಗಿನ ಹದಿನೈದು ಕುಂಡಗಳಿರಲಿ, ನೀರು ಹಾಕಲೇಬೇಕು. ಅದನ್ನು ಅಳತೆಯಲ್ಲಿ ಹಾಕಲು ಸಿಗುವ ಸಾಧನವೇ ಸ್ಮಾರ್ಟ್ ಸ್ಪ್ರಿಂಕ್ಲರ್ ಕಂಟ್ರೋಲರ್. ವೈ-ಫೈಗೆ ಜೋಡಿಸಿದ ಈ ಪುಟ್ಟ ಪೆಟ್ಟಿಗೆ ಹವಾಮಾನವನ್ನೋ ಮಣ್ಣಿನ ತೇವವನ್ನೋ ನೋಡಿಕೊಂಡು ವಾಲ್ವ್ ತೆರೆಯುತ್ತದೆ, ಮುಚ್ಚುತ್ತದೆ. ಆನ್‌ಲೈನ್ ಅಂಗಡಿಗಳಲ್ಲಿ ಇದರಲ್ಲಿ ಹತ್ತಾರು ಬಗೆಗಳಿವೆ. ಯಾವುದನ್ನು ಕೊಳ್ಳಬೇಕು, ಯಾರಿಗೆ ಅದು ಬೇಕಾಗಿಯೇ ಇಲ್ಲ ಎಂಬ ವಿವರ ಇಲ್ಲಿದೆ.

ಮೊದಲು ಲೆಕ್ಕ: ನಿಮ್ಮ ತೋಟಕ್ಕೆ ಎಷ್ಟು ಲೀಟರ್ ಬೇಕು?

ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ 1 ಲೀಟರ್. ಈ ಒಂದು ಲೆಕ್ಕ ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ. ಮಣ್ಣಿನಿಂದ ಆವಿಯಾಗುವ ನೀರು ಮತ್ತು ಎಲೆಗಳ ಮೂಲಕ ಹೊರಹೋಗುವ ನೀರು ಎರಡನ್ನೂ ಕೂಡಿಸಿ ದಿನಕ್ಕೆ ಇಷ್ಟು ಮಿಲಿಮೀಟರ್ ಎಂದು ಅಳೆಯುತ್ತಾರೆ. ದೆಹಲಿಯ ಮೇ ತಿಂಗಳಲ್ಲಿ ಇದು ದಿನಕ್ಕೆ ಸುಮಾರು 7 ಮಿಲಿಮೀಟರ್ ಇದ್ದರೆ, ಡಿಸೆಂಬರ್‌ನಲ್ಲಿ 2ರ ಆಸುಪಾಸಿಗೆ ಇಳಿಯುತ್ತದೆ. ಬರ್ಮುಡಾ ಎಂದು ನರ್ಸರಿಯವರು ಮಾರುವ ಹುಲ್ಲು ನಮ್ಮ ಗರಿಕೆಯೇ. ಗಣಪತಿಗೆ ಏರಿಸುವ ಆ ಗರಿಕೆ ಗಟ್ಟಿ ಜೀವ. ಈ ಅಳತೆಯ ಮೂರನೇ ಎರಡರಷ್ಟು ನೀರು ಕೊಟ್ಟರೂ ಹಸಿರಾಗಿರುತ್ತದೆ.

50 ಚದರ ಮೀಟರ್ ಲಾನ್ ಇದೆ ಎಂದುಕೊಳ್ಳಿ. ಮೇ ತಿಂಗಳಲ್ಲಿ ಅದಕ್ಕೆ ದಿನಕ್ಕೆ ಸುಮಾರು 230 ಲೀಟರ್ ಬೇಕು, ಡಿಸೆಂಬರ್‌ನಲ್ಲಿ 65 ಲೀಟರ್ ಸಾಕು. ಮೇನಲ್ಲಿ ಹೊಂದಿಸಿದ ಟೈಮರನ್ನು ಯಾರೂ ಮುಟ್ಟದೆ ಹಾಗೇ ಬಿಟ್ಟರೆ ಚಳಿಗಾಲದಲ್ಲಿ ದಿನಕ್ಕೆ 165 ಲೀಟರ್ ವ್ಯರ್ಥ. ನಗರದಲ್ಲಿ ಒಬ್ಬ ವ್ಯಕ್ತಿಗೆ ದಿನಕ್ಕೆ 135 ಲೀಟರ್ ನೀರು ಪೂರೈಸಬೇಕು ಎಂಬುದು ಸರ್ಕಾರಿ ಮಾನದಂಡ. ಅಂದರೆ ಮರೆತುಬಿಟ್ಟ ಒಂದು ಟೈಮರ್ ಮನೆಯಲ್ಲಿ ಒಬ್ಬ ಹೆಚ್ಚುವರಿ ಸದಸ್ಯನಿಗಿಂತ ಜಾಸ್ತಿ ನೀರು ಕುಡಿಯುತ್ತದೆ. ದೆಹಲಿಯಲ್ಲಿ 2015ರಲ್ಲಿ ಜಾರಿಗೆ ಬಂದ ಉಚಿತ ನೀರಿನ ಯೋಜನೆಯ ಮಿತಿ ತಿಂಗಳಿಗೆ 20,000 ಲೀಟರ್. ಅದನ್ನು ದಾಟಿದರೆ ದಾಟಿದ ಭಾಗಕ್ಕಷ್ಟೇ ಅಲ್ಲ, ಬಳಸಿದ ಅಷ್ಟಕ್ಕೂ ಬಿಲ್. ದಿನಕ್ಕೆ 165 ಲೀಟರ್ ಎಂದರೆ ತಿಂಗಳಿಗೆ ಸುಮಾರು 5,000 ಲೀಟರ್ ಆಯಿತು, ನೋಡಿಕೊಳ್ಳಿ.

ಸ್ಮಾರ್ಟ್ ಕಂಟ್ರೋಲರ್ ನಿಜವಾಗಿ ಮಾಡುವ ಕೆಲಸ ಇದೊಂದೇ: ಮೇ ತಿಂಗಳ ಲೆಕ್ಕವನ್ನು ಡಿಸೆಂಬರ್‌ಗೆ ತಾನಾಗಿಯೇ ಇಳಿಸುವುದು.

ಎಲ್ಲರಿಗೂ ಉಳಿತಾಯವಾಗುತ್ತದೆಯೇ?

ಇಲ್ಲ. ಪೆಟ್ಟಿಗೆಯ ಮೇಲೆ 'ಶೇ 50ರವರೆಗೆ ಉಳಿತಾಯ' ಎಂದು ದೊಡ್ಡದಾಗಿ ಬರೆದಿರುತ್ತದೆ. 'ವರೆಗೆ' ಎಂಬ ಪದವನ್ನು ಗಮನವಿಟ್ಟು ಓದಿ. ಕ್ಯಾಲಿಫೋರ್ನಿಯಾದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಡೆ ಅಳವಡಿಸಿದ್ದ ಹವಾಮಾನ ಆಧಾರಿತ ಕಂಟ್ರೋಲರ್‌ಗಳನ್ನು ಪರಿಶೀಲಿಸಿ 2009ರಲ್ಲಿ ಒಂದು ದೊಡ್ಡ ವರದಿ ಪ್ರಕಟವಾಯಿತು. ಹೊರಾಂಗಣ ನೀರಿನಲ್ಲಿ ಸರಾಸರಿ ಉಳಿತಾಯ ಬಂದದ್ದು ಶೇ 6ರಷ್ಟು ಮಾತ್ರ. ಇನ್ನೂ ಸ್ವಾರಸ್ಯದ ಸಂಗತಿ ಎಂದರೆ, ನೂರಕ್ಕೆ ನಲವತ್ತಕ್ಕೂ ಹೆಚ್ಚು ಕಡೆ ನೀರಿನ ಬಳಕೆ ಕಡಿಮೆಯಾಗುವ ಬದಲು ಏರಿತ್ತು.

ಕಾರಣ ಸರಳ. ಮೊದಲು ಬೇಕಾದ್ದಕ್ಕಿಂತ ಹೆಚ್ಚು ನೀರು ಹಾಕುತ್ತಿದ್ದವರಿಗೆ ಯಂತ್ರ ಉಳಿಸಿಕೊಟ್ಟಿತು. ಕೈಬಿಗಿ ಹಿಡಿದು, ಗಿಡ ಸ್ವಲ್ಪ ಬಾಡಿದ ಮೇಲೆ ನೀರು ಹಾಕುತ್ತಿದ್ದವರ ತೋಟಕ್ಕೆ ಯಂತ್ರ 'ಪೂರ್ಣ ಅಗತ್ಯ'ವನ್ನು ಲೆಕ್ಕ ಹಾಕಿ ಸುರಿಯಿತು. ನಮ್ಮಲ್ಲಿ ಬಹುತೇಕ ಮನೆಗಳು ಎರಡನೇ ಗುಂಪಿಗೇ ಸೇರಿದವು. ಬಕೆಟ್, ಮಗ್ಗು ಹಿಡಿದು ನೀರು ಹಾಕುವ ಅತ್ತೆ, ಅಕ್ಕಿ ತೊಳೆದ ನೀರನ್ನು ಕರಿಬೇವಿಗೆ ಸುರಿಯುವ ಅಮ್ಮ ಇರುವ ಮನೆಗೆ ಈ ಯಂತ್ರ ತಂದರೆ ನೀರು ಉಳಿಯುವುದಿಲ್ಲ, ಖರ್ಚಾಗುತ್ತದೆ. ಮಾಲಿ ದಿನವೂ ಒಂದು ಗಂಟೆ ಪೈಪ್ ಬಿಟ್ಟು ಫೋನ್‌ನಲ್ಲಿ ಮಾತಾಡುತ್ತ ನಿಲ್ಲುವ ಮನೆಗೆ, ಸೊಸೈಟಿಯ ದೊಡ್ಡ ಲಾನ್‌ಗೆ, ಇದು ಲಾಭವೇ.

ಮೂರು ಬಗೆ, ಮೂರು ಬುದ್ಧಿ

ಮೊದಲನೆಯದು ಬರೀ ಟೈಮರ್. ಬೆಳಿಗ್ಗೆ 6ಕ್ಕೆ ಹತ್ತು ನಿಮಿಷ ಎಂದರೆ ಹತ್ತು ನಿಮಿಷ, ಮಳೆ ಸುರಿಯುತ್ತಿದ್ದರೂ. ಬ್ಲೂಟೂತ್ ಇದೆ, ಆ್ಯಪ್ ಇದೆ ಎಂಬ ಒಂದೇ ಕಾರಣಕ್ಕೆ ಇದನ್ನೂ 'ಸ್ಮಾರ್ಟ್' ಎಂದು ಮಾರುತ್ತಾರೆ. ಮೊಬೈಲ್‌ನಿಂದ ಆನ್-ಆಫ್ ಮಾಡಬಹುದು ಎಂಬುದು ಬುದ್ಧಿಯ ಲಕ್ಷಣವಲ್ಲ.

ಎರಡನೆಯದು ಹವಾಮಾನ ಆಧಾರಿತ. ಇಂಟರ್ನೆಟ್‌ನಿಂದ ಉಷ್ಣಾಂಶ, ಆರ್ದ್ರತೆ, ಗಾಳಿ, ಮಳೆ ಮುನ್ಸೂಚನೆ ತೆಗೆದುಕೊಂಡು ಆ ದಿನ ಎಷ್ಟು ನಿಮಿಷ ಎಂದು ತೀರ್ಮಾನಿಸುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಈ ಬಗೆಯ ಕಂಟ್ರೋಲರ್‌ಗಳಿಗೆ 'ವಾಟರ್‌ಸೆನ್ಸ್' ಮುದ್ರೆಯ ಮಾನದಂಡ ರೂಪಿಸಿದ್ದು 2011ರಲ್ಲಿ. ಮುದ್ರೆ ಇದ್ದರೆ ಒಳ್ಳೆಯದೇ. ಆದರೆ ಅದರ ಗುಣ ನಿಲ್ಲುವುದು ಹತ್ತಿರದ ಹವಾಮಾನ ಕೇಂದ್ರದ ಮಾಹಿತಿಯ ಮೇಲೆ. ಮುಂಬೈಯಲ್ಲಿ ಕೊಲಾಬಾ ಮತ್ತು ಸಾಂತಾಕ್ರೂಜ್ ಎರಡು ಕಡೆ ಹವಾಮಾನ ಇಲಾಖೆಯ ವೀಕ್ಷಣಾಲಯಗಳಿವೆ. ಒಂದೇ ದಿನ ಎರಡರ ಮಳೆ ಅಂಕಿ ಅಜಗಜಾಂತರ ಇರುವುದನ್ನು ಮಳೆಗಾಲದ ಸುದ್ದಿ ಓದುವವರೆಲ್ಲ ನೋಡಿರುತ್ತೀರಿ. ನಿಮ್ಮ ಮನೆ ಡೊಂಬಿವಲಿಯಲ್ಲಿದ್ದು, ಆ್ಯಪ್ ಕೊಲಾಬಾದ ಮಳೆ ನಂಬಿಕೊಂಡರೆ ಗಿಡಕ್ಕೆ ಉಪವಾಸ, ಇಲ್ಲವೇ ಪ್ರವಾಹ. ಹಾಗಾಗಿ ಯಾವ ಕೇಂದ್ರದ ಮಾಹಿತಿ ಎಂದು ತೋರಿಸುವ, ಅದನ್ನು ಬದಲಿಸಲು ಬಿಡುವ ಆ್ಯಪ್ ಇರುವುದನ್ನೇ ಆರಿಸಿ. ಜೊತೆಗೆ ಒಂದು ಮಳೆ ಸೆನ್ಸರ್ ಹಾಕಿಸಿಕೊಳ್ಳಿ. ಅದರೊಳಗೆ ಇರುವುದು ಒದ್ದೆಯಾದರೆ ಉಬ್ಬುವ ಬಿಲ್ಲೆಗಳು. ಉಬ್ಬಿದಾಗ ಸ್ವಿಚ್ ಒತ್ತಿ ನೀರು ನಿಲ್ಲಿಸುತ್ತವೆ, ಒಣಗಿದಾಗ ಮತ್ತೆ ಬಿಡುತ್ತವೆ. ಇಂಟರ್ನೆಟ್ ಬೇಡ, ಮುನ್ಸೂಚನೆ ಬೇಡ. ಇಡೀ ವ್ಯವಸ್ಥೆಯಲ್ಲಿ ಕಡಿಮೆ ದುಡ್ಡಿಗೆ ಹೆಚ್ಚು ಕೆಲಸ ಮಾಡುವುದು ಇದೇ.

ಮೂರನೆಯದು ಮಣ್ಣಿನ ತೇವಾಂಶ ಆಧಾರಿತ. 'ವಾಟರ್‌ಸೆನ್ಸ್' ಇದಕ್ಕೂ 2021ರಲ್ಲಿ ಮಾನದಂಡ ತಂದಿತು. ಬೇರಿನ ಪಕ್ಕ ಹೂತಿಟ್ಟ ಸೆನ್ಸರ್ 'ಇನ್ನೂ ತೇವ ಇದೆ' ಎಂದರೆ ಅಂದಿನ ಸರದಿ ರದ್ದು. ಕುಂಡಗಳಿಗೂ ಚಿಕ್ಕ ತೋಟಕ್ಕೂ ಹವಾಮಾನದ ಲೆಕ್ಕಕ್ಕಿಂತ ಇದು ಮೇಲು. ಬಾಲ್ಕನಿಗೆ ಮಳೆ ತಾಗುತ್ತದೋ ಇಲ್ಲವೋ ಉಪಗ್ರಹಕ್ಕೆ ಗೊತ್ತಾಗುವುದಿಲ್ಲ, ಮಣ್ಣಿಗೆ ಗೊತ್ತು. ಕೊಳ್ಳುವಾಗ ಸೆನ್ಸರ್ 'ಕೆಪಾಸಿಟಿವ್' ಬಗೆಯದೇ ಎಂದು ಕೇಳಿ. ಎರಡು ಲೋಹದ ಕಡ್ಡಿಗಳಿರುವ ಅಗ್ಗದ ಸೆನ್ಸರ್‌ಗಳು ತೇವದಲ್ಲಿ ಬೇಗ ತುಕ್ಕು ಹಿಡಿದು ಸುಳ್ಳು ಹೇಳಲು ಶುರುಮಾಡುತ್ತವೆ. ಕೋಕೋಪೀಟ್ ಬೆರೆಸಿದ ಮಣ್ಣಿನಲ್ಲಿ ಅಂಕಿಗಳು ಬೇರೆಯೇ ಬರುತ್ತವೆ. ಒಮ್ಮೆ ಪೂರ್ತಿ ನೆನೆಸಿ ಬಂದ ಅಂಕಿ, ಗಿಡ ಬಾಡುವ ಮುನ್ನ ಬಂದ ಅಂಕಿ ಎರಡನ್ನೂ ಬರೆದಿಟ್ಟುಕೊಂಡು ಅದರ ನಡುವೆ ಮಿತಿ ಹೊಂದಿಸಬೇಕು.

ಎಲ್ಲಕ್ಕಿಂತ ಮುಖ್ಯ: ನೀರಿನ ಒತ್ತಡ

ಅಮೆರಿಕ, ಯುರೋಪಿನ ಮನೆಗಳಲ್ಲಿ ನಲ್ಲಿಗೆ ನೇರವಾಗಿ ಒತ್ತಡದ ನೀರು ಬರುತ್ತದೆ. ಕಂಟ್ರೋಲರ್, ವಾಲ್ವ್, ಸ್ಪ್ರಿಂಕ್ಲರ್ ಎಲ್ಲವೂ ಆ ಲೆಕ್ಕದಲ್ಲೇ ತಯಾರಾದವು. ನಮ್ಮಲ್ಲಿ ನೀರು ಸಂಪ್‌ಗೆ, ಅಲ್ಲಿಂದ ಮೇಲಿನ ಟ್ಯಾಂಕ್‌ಗೆ, ಅಲ್ಲಿಂದ ಗುರುತ್ವದಿಂದ ಕೆಳಗೆ. 10 ಮೀಟರ್ ಎತ್ತರದ ನೀರು ಕೊಡುವ ಒತ್ತಡ ಸುಮಾರು 1 ಬಾರ್. ಒಂದು ಮಹಡಿ ಮನೆಯ ತಾರಸಿ ಮೇಲಿನ ಟ್ಯಾಂಕ್‌ನಿಂದ ಅಂಗಳದ ನಲ್ಲಿಗೆ ಸಿಗುವುದು ಹೆಚ್ಚೆಂದರೆ 0.4 ಬಾರ್.

ಈಗ ಇನ್ನೊಂದು ಕಡೆ ನೋಡಿ. ನೆಲದಿಂದ ಮೇಲೆದ್ದು ಚಿಮ್ಮುವ ಪಾಪ್-ಅಪ್ ಸ್ಪ್ರಿಂಕ್ಲರ್‌ಗೆ ಸುಮಾರು 2 ಬಾರ್ ಬೇಕು. ತಿರುಗುವ ನಳಿಕೆಯವಕ್ಕೆ ಇನ್ನೂ ಹೆಚ್ಚು. ವಿದ್ಯುತ್‌ನಿಂದ ತೆರೆಯುವ ಸಾಮಾನ್ಯ ಸೊಲೆನಾಯ್ಡ್ ವಾಲ್ವ್‌ನೊಳಗೆ ಒಂದು ರಬ್ಬರ್ ಪೊರೆ ಇರುತ್ತದೆ. ಅದು ಸರಿಯಾಗಿ ತೆರೆದು ಮುಚ್ಚಲು ನೀರಿನ ಒತ್ತಡವೇ ಸಹಾಯ ಮಾಡಬೇಕು. ತೋಟಕ್ಕೆಂದು ಮಾರುವ ಹಲವು ವಾಲ್ವ್‌ಗಳಿಗೆ ಕನಿಷ್ಠ 1 ಬಾರ್ ಬೇಕು ಎಂದು ತಯಾರಕರೇ ಬರೆದಿರುತ್ತಾರೆ. ಒತ್ತಡ ಕಡಿಮೆಯಾದರೆ ವಾಲ್ವ್ ತೆರೆಯುವುದೇ ಇಲ್ಲ. ಅದಕ್ಕಿಂತ ಕೆಟ್ಟದ್ದು, ತೆರೆದದ್ದು ಪೂರ್ತಿ ಮುಚ್ಚದೆ ರಾತ್ರಿಯಿಡೀ ಸೋರುತ್ತದೆ. ನೀರು ಉಳಿಸಲೆಂದು ತಂದ ಯಂತ್ರವೇ ಟ್ಯಾಂಕ್ ಖಾಲಿ ಮಾಡುತ್ತದೆ.

ಇದಕ್ಕೆ ದಾರಿಗಳಿವೆ. ನಲ್ಲಿಗೆ ತಿರುಗಿಸಿ ಕೂರಿಸುವ ಟೈಮರ್‌ಗಳಲ್ಲಿ 'ಬಾಲ್ ವಾಲ್ವ್' ಇರುವ ಮಾದರಿಗಳು ಸಿಗುತ್ತವೆ. ಪುಟ್ಟ ಮೋಟರ್ ಒಂದು ಚೆಂಡನ್ನು ತಿರುಗಿಸಿ ದಾರಿ ತೆರೆಯುವುದರಿಂದ ಒತ್ತಡವೇ ಇಲ್ಲದಿದ್ದರೂ ಕೆಲಸ ನಡೆಯುತ್ತದೆ. ಪೆಟ್ಟಿಗೆಯ ಮೇಲೆ '0 ಬಾರ್‌ನಿಂದ' ಎಂದು ಬರೆದಿದೆಯೇ ನೋಡಿ. ಸ್ಪ್ರಿಂಕ್ಲರ್ ಬೇಕೇ ಬೇಕು ಎನ್ನುವವರು ಚಿಕ್ಕ ಪಂಪ್ ಹಾಕಿ, ಪಂಪ್ ಚಾಲೂ ಮಾಡುವ ರಿಲೇ ಜೋಡಿಸಲು ಜಾಗವಿರುವ ಕಂಟ್ರೋಲರ್ ಕೊಳ್ಳಬೇಕು. ಪುಣೆ, ಹೈದರಾಬಾದ್‌ನ ಹೊಸ ಕಟ್ಟಡಗಳಲ್ಲಿ ಪ್ರೆಷರ್ ಪಂಪ್ ಇದ್ದರೆ ಈ ಚಿಂತೆ ಇಲ್ಲ. ಬಹುಮಹಡಿ ಕಟ್ಟಡದಲ್ಲಿ ಮೇಲಿನ ಮನೆಗಳಿಗೆ ಒತ್ತಡ ಕಡಿಮೆ, ಕೆಳಗಿನ ಮನೆಗಳಿಗೆ ಹೆಚ್ಚು ಎಂಬುದೂ ನೆನಪಿರಲಿ.

ಎಲ್ಲಕ್ಕಿಂತ ಒಳ್ಳೆಯ ದಾರಿ, ಲಾನ್ ಇಲ್ಲದಿದ್ದರೆ ಸ್ಪ್ರಿಂಕ್ಲರನ್ನೇ ಬಿಟ್ಟು ಹನಿ ನೀರಾವರಿಗೆ ಹೋಗುವುದು. ತುಂತುರಿನಲ್ಲಿ ಗಾಳಿ, ಬಿಸಿಲಿಗೆ ಹೋಗುವ ಪಾಲು ದೊಡ್ಡದು. ಹನಿಯಲ್ಲಿ ಶೇ 90ರಷ್ಟು ನೀರು ಬೇರಿಗೇ ಸೇರುತ್ತದೆ. ಗುರುತ್ವದ ನೀರಿನಲ್ಲೇ ನಡೆಯುವ ಹನಿ ಕಿಟ್‌ಗಳೂ ಇವೆ. ಸಾಧಾರಣ ಟೈಮರ್ ಜೊತೆಗಿನ ಹನಿ ಪೈಪ್, ದುಬಾರಿ ಸ್ಮಾರ್ಟ್ ಕಂಟ್ರೋಲರ್ ಜೊತೆಗಿನ ಸ್ಪ್ರಿಂಕ್ಲರ್‌ಗಿಂತ ಹೆಚ್ಚು ನೀರು ಉಳಿಸುತ್ತದೆ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಬೋರ್‌ವೆಲ್‌ನ ಗಡಸು ನೀರಾದರೆ ಡ್ರಿಪ್ಪರ್ ಬಾಯಿ ಕಟ್ಟುತ್ತದೆ. ಫಿಲ್ಟರ್ ಹಾಕಿ, ತಿಂಗಳಿಗೊಮ್ಮೆ ಪೈಪಿನ ಕೊನೆಯ ಮುಚ್ಚಳ ಬಿಚ್ಚಿ ನೀರು ಹರಿಸಿ ಬಿಡಿ.

ಅಮೆರಿಕದಿಂದ ತರಿಸುವ ಮುನ್ನ

ಮಗನೋ ತಂಗಿಯೋ ಅಲ್ಲಿಂದ ಬರುವಾಗ ಒಂದು ತಂದುಕೊಡಲಿ ಎಂದು ಹಲವರು ಯೋಚಿಸುತ್ತಾರೆ. ಅಲ್ಲಿ ಹೆಸರಾದ ರಾಚಿಯೋದಂಥ ಕಂಟ್ರೋಲರ್‌ಗಳು ಮುಖ್ಯವಾಗಿ ಉತ್ತರ ಅಮೆರಿಕದ ಮಾರುಕಟ್ಟೆಗೆ ರೂಪಿಸಿದವು. ಅಡಾಪ್ಟರ್ 120 ವೋಲ್ಟ್‌ನದಾಗಿದ್ದರೆ ನಮ್ಮ 230 ವೋಲ್ಟ್‌ಗೆ ಸಿಕ್ಕಿಸಿದ ಕ್ಷಣವೇ ಸುಟ್ಟುಹೋಗುತ್ತದೆ. ನಲ್ಲಿಯ ತಿರುಪೂ ಬೇರೆ. ಅಲ್ಲಿನ ಮುಕ್ಕಾಲು ಇಂಚಿನ ಪೈಪ್ ತಿರುಪಿಗೆ ಇಂಚಿಗೆ 11.5 ಸುತ್ತು, ನಮ್ಮ ಬ್ರಿಟಿಷ್ ಮಾದರಿಯ ಮುಕ್ಕಾಲು ಇಂಚಿಗೆ 14 ಸುತ್ತು. ನೋಡಲು ಒಂದೇ ಥರ, ಕೂರಿಸಿದರೆ ಹನಿ ಹನಿ ಸೋರಿಕೆ. ಟೆಫ್ಲಾನ್ ಟೇಪ್ ಎಷ್ಟು ಸುತ್ತಿದರೂ ನಿಲ್ಲುವುದಿಲ್ಲ. ರೇನ್ ಬರ್ಡ್, ಹಂಟರ್ ಕಂಪನಿಗಳಲ್ಲಿ 230 ವೋಲ್ಟ್ ಮಾದರಿಗಳಿವೆ. ಅವನ್ನು ಇಲ್ಲಿನ ವಿತರಕರಿಂದಲೇ ಕೊಂಡರೆ ವಾರಂಟಿಯೂ ಸಿಗುತ್ತದೆ.

ವೈ-ಫೈ ವಿಷಯ: ಇಂಥ ಸಾಧನಗಳಲ್ಲಿ ಬಹುಪಾಲು 2.4 ಗಿಗಾಹರ್ಟ್ಸ್‌ಗೆ ಮಾತ್ರ ಸೇರುತ್ತವೆ. ಅಂಗಳದ ಮೂಲೆಗೆ ಸಿಗ್ನಲ್ ಬರುತ್ತದೆಯೇ ಎಂದು ಮೊಬೈಲ್ ಹಿಡಿದು ಅಲ್ಲೇ ನಿಂತು ನೋಡಿ.

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಕೇಳಲೇಬೇಕು: ಇಂಟರ್ನೆಟ್ ಹೋದರೆ, ಕಂಪನಿಯೇ ಸೇವೆ ನಿಲ್ಲಿಸಿದರೆ ಏನು ಗತಿ? 2016ರಲ್ಲಿ ನೆಸ್ಟ್ ಕಂಪನಿ ತಾನು ಖರೀದಿಸಿದ್ದ 'ರಿವಾಲ್ವ್' ಎಂಬ ಸ್ಮಾರ್ಟ್ ಹೋಮ್ ಸಾಧನದ ಸರ್ವರ್ ಮುಚ್ಚಿತು. ದುಡ್ಡು ಕೊಟ್ಟು ಕೊಂಡಿದ್ದವರ ಮನೆಯಲ್ಲಿ ಆ ಪೆಟ್ಟಿಗೆಗಳು ಕೆಲಸಕ್ಕೆ ಬಾರದೇ ಹೋದವು. ಆದ್ದರಿಂದ ವೇಳಾಪಟ್ಟಿ ಸಾಧನದೊಳಗೇ ಉಳಿಯುವ, ಮೇಲೆ ಬಟನ್‌ಗಳಿದ್ದು ಕೈಯಿಂದಲೂ ನಡೆಸಬಹುದಾದ ಮಾದರಿಯೇ ಸರಿ.

ಕರೆಂಟ್ ಹೋದಾಗ, ಸೆಲ್ ಮುಗಿದಾಗ

ಗೋಡೆಗೆ ಹಾಕುವ ಕಂಟ್ರೋಲರ್‌ಗಳು 24 ವೋಲ್ಟ್ ಎಸಿಯಲ್ಲಿ ವಾಲ್ವ್ ನಡೆಸುತ್ತವೆ. ಕರೆಂಟ್ ಹೋದರೆ ವಾಲ್ವ್ ತಾನಾಗಿ ಮುಚ್ಚಿಕೊಳ್ಳುತ್ತದೆ. ಸೆಲ್‌ನಲ್ಲಿ ನಡೆಯುವ ಹಲವು ಟೈಮರ್‌ಗಳಲ್ಲಿ ಇರುವುದು 'ಲ್ಯಾಚಿಂಗ್' ವಾಲ್ವ್. ಒಮ್ಮೆ ತೆರೆದರೆ, ಮುಚ್ಚು ಎಂಬ ಸಂದೇಶ ಬರುವವರೆಗೂ ತೆರೆದೇ ಇರುತ್ತದೆ. ನೀರು ಹರಿಯುತ್ತಿರುವಾಗಲೇ ಸೆಲ್ ಸತ್ತರೆ? ಟ್ಯಾಂಕ್ ಖಾಲಿ, ಕೆಳಗಿನ ಮನೆಯವರ ಸೀಲಿಂಗ್ ಒದ್ದೆ. ಸೆಲ್ ಕುಗ್ಗುತ್ತಿದ್ದಂತೆ ವಾಲ್ವ್ ಮುಚ್ಚಿ ಎಚ್ಚರಿಕೆ ಕೊಡುವ ಗುಣ ಇಲ್ಲದ ಟೈಮರ್‌ಗೆ ಕೈ ಹಾಕಬೇಡಿ. ಮೋಟರ್ ಬಾಲ್ ವಾಲ್ವ್‌ಗೂ ಇದೇ ಮಾತು ಅನ್ವಯ.

ಬೇಸಿಗೆ ರಜೆಗೆ, ದೀಪಾವಳಿಗೆ ಹದಿನೈದು ಇಪ್ಪತ್ತು ದಿನ ಧಾರವಾಡಕ್ಕೋ ಉಡುಪಿಗೋ ಹೋಗುವ ಕುಟುಂಬಗಳಿಗೆ ಇದು ಸಣ್ಣ ವಿಷಯವಲ್ಲ. ಬಾಲ್ಕನಿಯವರು ಟೈಮರ್ ಕೊಳ್ಳುವುದೇ ಬಹುಮಟ್ಟಿಗೆ ಇದಕ್ಕಾಗಿ. ಸುರಕ್ಷಿತ ಉಪಾಯವೊಂದಿದೆ. ನಲ್ಲಿಗೆ ನೇರ ಜೋಡಿಸದೆ, 40-50 ಲೀಟರ್‌ನ ಡ್ರಮ್ ತುಂಬಿ ಸ್ವಲ್ಪ ಎತ್ತರದಲ್ಲಿಟ್ಟು, ಅದರಿಂದ ಬಾಲ್ ವಾಲ್ವ್ ಟೈಮರ್ ಮೂಲಕ ಹನಿ ಪೈಪ್ ಹಾಯಿಸಿ. ಯಂತ್ರ ಎಷ್ಟೇ ಕೆಟ್ಟರೂ ಹೋಗುವುದು ಆ ಡ್ರಮ್‌ನ ನೀರಷ್ಟೇ. ಹದಿನೈದು ಕುಂಡಗಳಿಗೆ ತಲಾ 200 ಮಿಲಿಲೀಟರ್ ಎಂದರೂ ದಿನಕ್ಕೆ 3 ಲೀಟರ್, ಎರಡು ವಾರ ಸಾಗುತ್ತದೆ. ಊರಿಗೆ ಹೊರಡುವ ಹಿಂದಿನ ದಿನ ಅಲ್ಲ, ಒಂದು ವಾರ ಮೊದಲೇ ಜೋಡಿಸಿ ಕಣ್ಣೆದುರೇ ನಡೆಸಿ ನೋಡಿ.

ನಗರಕ್ಕೆ ತಕ್ಕ ಹೊಂದಿಕೆ

ಅನೇಕ ಕಂಟ್ರೋಲರ್‌ಗಳಲ್ಲಿ ತಿಂಗಳಿಗೆ ಇಷ್ಟು ಶೇಕಡಾ ಎಂದು ನೀರು ಏರಿಸಿ ಇಳಿಸುವ ಸೌಲಭ್ಯವಿದೆ. ಮುಂಬೈ, ಪುಣೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆರೆದ ಜಾಗದ ನೀರನ್ನು ಬಹುತೇಕ ನಿಲ್ಲಿಸಬಹುದು. ಅದೇ ಪಟ್ಟಿಯನ್ನು ಚೆನ್ನೈನಲ್ಲಿರುವ ಭಾವನಿಗೆ ಕಳಿಸಿದರೆ ಅವರ ಗಿಡ ಒಣಗುತ್ತದೆ. ಅಲ್ಲಿ ದೊಡ್ಡ ಮಳೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಈಶಾನ್ಯ ಮಾರುತದಲ್ಲಿ. ಜೂನ್ ಇನ್ನೂ ಸುಡುವ ತಿಂಗಳು.

ಪುಣೆಯ ಕಪ್ಪು ಮಣ್ಣು ನೀರನ್ನು ನಿಧಾನವಾಗಿ ಹೀರುತ್ತದೆ. ಒಮ್ಮೆಲೇ ಇಪ್ಪತ್ತು ನಿಮಿಷ ಬಿಟ್ಟರೆ ಅರ್ಧ ರಸ್ತೆಗೆ ಹರಿಯುತ್ತದೆ. ಏಳು ನಿಮಿಷ ಬಿಟ್ಟು, ಅರ್ಧ ಗಂಟೆ ನಿಲ್ಲಿಸಿ, ಮತ್ತೆ ಏಳು ನಿಮಿಷ ಬಿಡುವ ಸೌಲಭ್ಯ ಇರುವ ಕಂಟ್ರೋಲರ್ ಅಲ್ಲಿಗೆ ಬೇಕು. ಚೆನ್ನೈ ಕಡಲತೀರದ ಮರಳು ಮಣ್ಣಿಗೆ ಇದು ತದ್ವಿರುದ್ಧ, ಸ್ವಲ್ಪ ಸ್ವಲ್ಪವೇ ಆಗಾಗ ಹಾಕಬೇಕು. ಸಮುದ್ರದ ಉಪ್ಪುಗಾಳಿ ಇರುವ ಕಡೆ ತಂತಿಯ ಜೋಡಣೆಗಳಿಗೆ ಜೆಲ್ ತುಂಬಿದ ಕನೆಕ್ಟರ್‌ಗಳನ್ನೇ ಹಾಕಿಸಿ, ಬರೀ ಟೇಪ್ ಸುತ್ತಿದರೆ ಒಂದು ಮಳೆಗಾಲಕ್ಕೆ ಹಸಿರುಗಟ್ಟುತ್ತದೆ.

ಎಲ್ಲ ಗಿಡವನ್ನೂ ಒಂದೇ ವಾಲ್ವ್‌ಗೆ ಕಟ್ಟಬೇಡಿ. ಲಾನ್‌ಗೆ ಒಂದು, ಮಲ್ಲಿಗೆ ದಾಸವಾಳಕ್ಕೆ ಒಂದು, ತರಕಾರಿ ಪಾತಿಗೆ ಒಂದು. ಲೋಳೆಸರಕ್ಕೆ ಯಾವುದೂ ಬೇಡ. ನಾಲ್ಕು ವಾಲ್ವ್ ನಡೆಸುವ ಕಂಟ್ರೋಲರ್ ಸಾಮಾನ್ಯ ಮನೆಗೆ ಸಾಕು. ಎಂಟರದ್ದು ರಿಯಾಯಿತಿಯಲ್ಲಿ ಸಿಗುತ್ತದೆ ಎಂದು ಕೊಳ್ಳುವ ಅಗತ್ಯವಿಲ್ಲ.

ಡಬ್ಬಿ ಪರೀಕ್ಷೆ

ಕಂಟ್ರೋಲರ್ ನಿಮಿಷ ಎಣಿಸುತ್ತದೆ, ಗಿಡ ಮಿಲಿಮೀಟರ್ ಕೇಳುತ್ತದೆ. ಎರಡನ್ನೂ ಜೋಡಿಸಲು ಅಡುಗೆಮನೆಯಿಂದ ನೇರ ಅಂಚಿನ ಆರೇಳು ಒಂದೇ ಅಳತೆಯ ಸ್ಟೀಲ್ ಡಬ್ಬಿ ತನ್ನಿ. ಬಾಯಿ ಅಗಲವಾದ ಲೋಟ ಬೇಡ, ಲೆಕ್ಕ ತಪ್ಪುತ್ತದೆ. ಲಾನ್ ಮೇಲೆ ಅಲ್ಲಲ್ಲಿ ಇಟ್ಟು 15 ನಿಮಿಷ ಸ್ಪ್ರಿಂಕ್ಲರ್ ಬಿಡಿ. ಪ್ರತಿ ಡಬ್ಬಿಯ ನೀರಿನ ಎತ್ತರವನ್ನು ಸ್ಕೇಲಿನಲ್ಲಿ ಅಳೆದು ಸರಾಸರಿ ತೆಗೆಯಿರಿ. 15 ನಿಮಿಷಕ್ಕೆ 5 ಮಿಲಿಮೀಟರ್ ಬಂದರೆ ಗಂಟೆಗೆ 20. ಈ ಅಂಕಿಯನ್ನೇ ಆ್ಯಪ್‌ನಲ್ಲಿ ತುಂಬಬೇಕು. ಅದು ತಾನಾಗಿ ಊಹಿಸಿದ ಅಂಕಿಯನ್ನು ಒಪ್ಪಿಕೊಂಡರೆ ಮುಂದಿನ ಲೆಕ್ಕವೆಲ್ಲ ತಪ್ಪು. ಒಂದು ಡಬ್ಬಿಯಲ್ಲಿ 2, ಇನ್ನೊಂದರಲ್ಲಿ 9 ಮಿಲಿಮೀಟರ್ ಬಂದರೆ ತೊಂದರೆ ಇರುವುದು ಸ್ಪ್ರಿಂಕ್ಲರ್ ಜೋಡಣೆಯಲ್ಲಿ. ಅದನ್ನು ಯಾವ ಸ್ಮಾರ್ಟ್ ಯಂತ್ರವೂ ಸರಿಪಡಿಸದು.

ಸೂರ್ಯ ಹುಟ್ಟುವ ಮುಂಚಿನ ಹೊತ್ತು ನೀರಿಗೆ ಒಳ್ಳೆಯದು. ಆದರೆ ಕಾರ್ಪೊರೇಷನ್ ನೀರು ಅದೇ ಹೊತ್ತಿಗೆ ಬರುವ ಬಡಾವಣೆಗಳಲ್ಲಿ ಟ್ಯಾಂಕ್ ತುಂಬುವ ಸಮಯ ತಪ್ಪಿಸಿ ಹೊಂದಿಸಿ. ಸೊಸೈಟಿಯಲ್ಲಿ ಶುದ್ಧೀಕರಿಸಿದ ತ್ಯಾಜ್ಯ ನೀರಿನ ಪ್ರತ್ಯೇಕ ಪೈಪ್ ಇದ್ದರೆ ತೋಟಕ್ಕೆ ಅದನ್ನೇ ಕೇಳಿ ಪಡೆಯಿರಿ, ಮನೆಯ ನೀರಿನ ಪೈಪ್‌ಗೆ ಮಾತ್ರ ಎಲ್ಲೂ ಸೇರದಂತೆ ಪ್ಲಂಬರ್ ಹತ್ತಿರ ಖಚಿತಪಡಿಸಿಕೊಳ್ಳಿ. ಎಸಿಯಿಂದ ತೊಟ್ಟಿಕ್ಕುವ ನೀರು ಕುಂಡಗಳಿಗೆ ಚೆನ್ನಾಗಿಯೇ ಆಗುತ್ತದೆ. ಆರ್‌ಒ ಯಂತ್ರ ಹೊರಹಾಕುವ ನೀರಿನಲ್ಲಿ ಲವಣ ಹೆಚ್ಚು, ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ.

ಅಳವಡಿಸುವ ದಿನ ನೀರಿನ ಮೀಟರ್ ಅಂಕಿಯ ಫೋಟೊ ತೆಗೆದಿಡಿ. ತಿಂಗಳ ನಂತರ ಮತ್ತೊಮ್ಮೆ ತೆಗೆದು, ಕಳೆದ ವರ್ಷ ಇದೇ ತಿಂಗಳ ಬಿಲ್ ಜೊತೆ ಹೋಲಿಸಿ. ಆ್ಯಪ್ ತೋರಿಸುವ 'ಉಳಿಸಿದ ಲೀಟರ್' ಅದರದೇ ಅಂದಾಜು, ಮೀಟರ್ ತೋರಿಸುವುದು ನಿಮ್ಮ ಬಿಲ್‌ಗೆ ಬರುವ ಅಂಕಿ. ರಾತ್ರಿ ಎಲ್ಲ ನಲ್ಲಿ ನಿಲ್ಲಿಸಿ ಮಲಗಿದ ಮೇಲೂ ಮೀಟರ್ ಮುಳ್ಳು ತಿರುಗುತ್ತಿದ್ದರೆ, ಬೆಳಿಗ್ಗೆ ಮೊದಲು ವಾಲ್ವ್‌ಗಳನ್ನು ಬಿಚ್ಚಿ ನೋಡಿ, ರಬ್ಬರ್ ಪೊರೆಯ ಕೆಳಗೆ ಒಂದು ಮರಳಿನ ಕಣ ಸಿಕ್ಕಿಕೊಂಡಿದ್ದರೂ ಸಾಕು, ಅದು ಮುಚ್ಚುವುದಿಲ್ಲ.